ನಾನು ಕಿತ್ತುಕೊಂಡ ಮಂಗಳವಾರಗಳು

ಹೋದ ವಾರ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಂಡು ಸ್ಕೂಟಿ ನಿಲ್ಲಿಸಿದ್ದ ಕಡೆಗೆ ನಡೆಯುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಹಿಂಡಿ ಬೂಸಾ ಮಾರುವವನು ನೆನೆದ ಮೂಟೆಯೊಂದನ್ನು ಬಿಚ್ಚಿ ಅಂಗಡಿಯ ಬಾಗಿಲಲ್ಲೇ ಹರಡಿದ್ದ. ಕಡಲೆಕಾಯಿ ಹಿಂಡಿಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

"ಏನ್ ಬೇಕಿತ್ತು ಅಕ್ಕ? ಹಸುಗಾ?" ಎಂದ ಅವನು.

"ಏನಿಲ್ಲಪ್ಪ" ಎಂದೆ. ಆದರೂ ಸ್ವಲ್ಪ ಹೊತ್ತು ಅಲ್ಲಿಂದ ಕದಲಲಾಗಲಿಲ್ಲ.

ಗಿರಿನಗರದ ನಮ್ಮ ಮನೆಯಲ್ಲಿ ಹದಿನೆಂಟು ವರ್ಷ ಪ್ರತಿ ಸೋಮವಾರ ಆ ವಾಸನೆ ಇರುತ್ತಿತ್ತು. ನನ್ನ ಗಂಡ ಚಂದ್ರಶೇಖರ್ ಅಂಗಡಿ ಮುಚ್ಚಿ ಬಂದವರೇ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕೂತು, ಪುಡಿ ಮಾಡಿದ ಹಿಂಡಿಗೆ ರಾಗಿಹಿಟ್ಟು, ಬೆಲ್ಲ, ಒಂದು ಚಿಟಿಕೆ ಏಲಕ್ಕಿ ಹಾಕಿ ನಾದಿ ಉಂಡೆ ಕಟ್ಟುತ್ತಿದ್ದರು. ಅದು ಮೀನಿಗೆ. ನಮ್ಮದು ಲಿಂಗಾಯತರ ಮನೆ. ಮೀನು ಬೇಯಿಸುವ ಮಾತು ಹಾಗಿರಲಿ, ಸೋಮವಾರ ಈರುಳ್ಳಿಯನ್ನೂ ಹೆಚ್ಚುವುದಿಲ್ಲ. ಇವರು ಮೀನು ತಿನ್ನುವವರಲ್ಲ, ಮಾರುವವರಲ್ಲ. ಹಿಡಿದು, ಗಾಳ ಬಿಡಿಸಿ, ಮತ್ತೆ ನೀರಿಗೇ ಬಿಡುವವರು.

"ತಿನ್ನೋ ಹಾಗಿಲ್ಲ, ತರೋ ಹಾಗಿಲ್ಲ, ಹಿಡಿದು ಬಿಡೋಕೆ ಅಷ್ಟು ದೂರ ಪೆಟ್ರೋಲ್ ಸುಟ್ಕೊಂಡು ಹೋಗ್ಬೇಕಾ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ಹೋಗ್ಬೇಕು ಕಣೇ" ಎಂದು ನಕ್ಕಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ನನಗೆ ಯಾವತ್ತೂ ಸಿಗಲಿಲ್ಲ.

ಅತ್ತೆ ಗೌರಮ್ಮನವರಿಗೆ ಇದು ಒಂದಿಷ್ಟೂ ಸೇರುತ್ತಿರಲಿಲ್ಲ. "ಲಿಂಗ ಹಿಡಿಯೋ ಕೈಲಿ ಹುಳ ಚುಚ್ತೀಯಲ್ಲೋ" ಎಂದು ಗೊಣಗುತ್ತಿದ್ದರು. "ಹುಳ ಮುಟ್ಟಲ್ಲಮ್ಮ, ಬರೀ ಹಿಂಡಿ ಉಂಡೆ. ನಿನ್ ಮಗ ಮೀನಿಗೂ ಸಸ್ಯಾಹಾರನೇ ಹಾಕೋದು" ಎನ್ನುತ್ತಿದ್ದರು ಇವರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆದರೂ ಕೆರೆಯಿಂದ ಬಂದ ಮಗ ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ವಿಭೂತಿ ಇಟ್ಟುಕೊಂಡ ಮೇಲೆಯೇ ಒಳಗೆ ಬರಬೇಕಿತ್ತು.

ಇವರದು ಜಯನಗರ ಫೋರ್ತ್ ಬ್ಲಾಕಿನ ಹತ್ತಿರ ಪುಟ್ಟದೊಂದು ಕನ್ನಡಕದ ಅಂಗಡಿ. ವಾರದ ರಜೆ ಮಂಗಳವಾರ. ಭಾನುವಾರ ವ್ಯಾಪಾರ ಜೋರು, ಮುಚ್ಚುವ ಹಾಗಿಲ್ಲ. ನಾನು ಜೆ.ಪಿ. ನಗರದ ಒಂದು ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಮಂಗಳವಾರ ನಾನು ಕೆಲಸಕ್ಕೆ, ಮಗಳು ಚೈತ್ರಾ ಕಾಲೇಜಿಗೆ, ಅತ್ತೆ ತಮ್ಮ ಪೂಜೆ, ಟಿ.ವಿ. ಧಾರಾವಾಹಿಯಲ್ಲಿ. "ನೋಡು, ಯಾರಿಗೂ ನಷ್ಟ ಇಲ್ಲದಿರೋ ದಿನ" ಎನ್ನುತ್ತಿದ್ದರು ಇವರು. ಬೆಳಗಿನ ಜಾವ ಬೈಕಿನಲ್ಲಿ ಪುಟ್ಟೇನಹಳ್ಳಿಗೆ ಹೋಗಿ ಮುನಿರಾಜಣ್ಣನನ್ನು ಹಿಂದೆ ಕೂರಿಸಿಕೊಂಡು, ಕನಕಪುರದಾಚೆಯ ಒಂದು ಕೆರೆಗೆ ಹೋಗುವುದು. ಅಲ್ಲಿಯ ಗುತ್ತಿಗೆದಾರನಿಗೆ ದಿನದ ದುಡ್ಡು ಕೊಟ್ಟು ದಡದಲ್ಲಿ ಕೂರುವುದು. ನಾಲ್ಕು ಗಂಟೆಯ ಹೊತ್ತಿಗೆ ವಾಪಸ್. ಮುನಿರಾಜಣ್ಣ ಪುಟ್ಟೇನಹಳ್ಳಿಯ ಹಳೇ ಊರಿನವರು, ಬಸ್ ಡ್ರೈವರ್ ಆಗಿ ರಿಟೈರ್ ಆಗಿದ್ದವರು. ಮಾವನವರು ಆ ಊರಿನಲ್ಲಿ ಬಾಡಿಗೆಗಿದ್ದ ಕಾಲದಲ್ಲಿ, ಅಲ್ಲಿಯ ಕೆರೆಗೆ ಬೇಲಿಯೂ ಬೋರ್ಡೂ ಇಲ್ಲದಾಗ, ಇವರ ಕೈಗೆ ಮೊದಲು ಗಾಳ ಕೊಟ್ಟವರು ಅವರೇ. ಮಾವ ಬೇಗ ತೀರಿಕೊಂಡರು. ಆಮೇಲೆ ಇವರಿಗೆ ಅಪ್ಪನ ಜಾಗದಲ್ಲಿ ಯಾರಾದರೂ ಇದ್ದರೆ ಅದು ಮುನಿರಾಜಣ್ಣ.

ದುಡ್ಡಿನ ವಿಷಯಕ್ಕೆ ಜಗಳ ಆಗಿಲ್ಲವೆಂದಲ್ಲ. ಒಂದು ದಸರೆಯ ವ್ಯಾಪಾರದಲ್ಲಿ ಗಾಳದ ದಾರ ಸುತ್ತುವ ಹೊಸ ರೀಲ್ ಕೊಂಡು, ಬೆಲೆಯನ್ನು ಅರ್ಧಕ್ಕಿಳಿಸಿ ನನಗೆ ಹೇಳಿದ್ದರು. ಬಿಲ್ಲು ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಒಂದು ವಾರ ಮಾತು ಬಿಟ್ಟೆ. ಆದರೆ ಅವೆಲ್ಲ ಎಲ್ಲ ಮನೆಯ ಜಗಳಗಳು. ನನಗೆ ಒಳಗೊಳಗೇ ಉರಿಯುತ್ತಿದ್ದದ್ದು ಬೇರೆ. ಮಂಗಳವಾರ ಸಂಜೆ ಇವರ ಮುಖ ಬಿಸಿಲಿಗೆ ಕಪ್ಪಾಗಿ, ಕಣ್ಣು ತೊಳೆದಿಟ್ಟ ಹಾಗೆ ಇರುತ್ತಿತ್ತು. ಸುಮ್ಮಸುಮ್ಮನೆ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು, ತರಕಾರಿ ಹೆಚ್ಚಿಕೊಡುತ್ತಿದ್ದರು, ಯಾವುದೋ ಕಟ್ಲಾ ಮೀನು ದಾರ ಎಳೆದುಕೊಂಡು ಹೋದ ಕಥೆ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಆ ಮುಖ ನನ್ನಿಂದಾಗಿ ಬಂದದ್ದಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಅಂಥದ್ದೊಂದು ದಿನ ಇರಲಿಲ್ಲ. ನನ್ನ ಭಾನುವಾರ ವಾರದ ಬಟ್ಟೆ, ದೋಸೆಹಿಟ್ಟು, ಕಟ್ಟಿಕೊಂಡ ಸಿಂಕುಗಳಲ್ಲಿ ಮುಗಿಯುತ್ತಿತ್ತು.

ನಾಲ್ಕು ವರ್ಷದ ಹಿಂದಿನ ಮುಂಗಾರಿನಲ್ಲಿ, ಶಾಲೆಗಳು ಶುರುವಾದ ವಾರ, ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ಮನೆಗೆ ಬಂದ ಅತ್ತೆ ಮುಂಚಿನ ಅತ್ತೆಯಾಗಿರಲಿಲ್ಲ. ಮಗ್ಗಲು ಬದಲಾಯಿಸಲೂ ಒಬ್ಬರು ಬೇಕು. ಒಮ್ಮೊಮ್ಮೆ ತಾವು ಎಲ್ಲಿದ್ದೇವೆ ಎಂಬುದೇ ಮರೆತು ಮಂಚದಿಂದ ಇಳಿಯಲು ಹೋಗುತ್ತಿದ್ದರು. ಎರಡು ಸಲ ಬೀಳುವುದು ತಪ್ಪಿತು. ಒಂದು ಗಳಿಗೆ ಬಿಟ್ಟು ಹೋಗುವ ಹಾಗಿರಲಿಲ್ಲ. ನನ್ನ ರಜೆಗಳೆಲ್ಲ ಹದಿನೈದು ದಿನದಲ್ಲಿ ಮುಗಿದವು. ನೋಡಿಕೊಳ್ಳಲು ಸಾಕಮ್ಮ ಎಂಬ ಹೆಂಗಸು ಸಿಕ್ಕಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಒಳ್ಳೆಯವಳು.

"ವಾರಕ್ಕೊಂದಿನ ರಜ ಬೇಕಕ್ಕ. ಯಾವತ್ತು ಅಂತ ನೀವೇ ಹೇಳ್ರೀ" ಎಂದಳು.

ಭಾನುವಾರ ಎಂದಿದ್ದರೆ ನಾನು ಮನೆಯಲ್ಲಿರುತ್ತಿದ್ದೆ. "ಮಂಗಳವಾರ" ಎಂದೆ. ಯೋಚಿಸಲೂ ಇಲ್ಲ, ಬಾಯಿಂದ ತಾನಾಗಿ ಬಂತು.

ಅಂದು ಇವರಿಗೆ ಹೇಳಿದಾಗ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿದ್ದ ಮುದ್ದೆ ಮುರಿದರು.

"ಭಾನುವಾರ ನೀನಿರ್ತೀಯಲ್ಲ ಗಿರಿಜಾ?"

"ಇರ್ತೀನಿ. ಬಟ್ಟೆ ಯಾರು ಒಗೀತಾರೆ? ಮನೆ ಯಾರು ಒರೆಸ್ತಾರೆ? ನಿಮ್ಮಮ್ಮನ್ನ ನೀವು ವಾರದಲ್ಲಿ ಒಂದು ದಿನ ನೋಡ್ಕೊಳೋಕೆ ಆಗಲ್ವಾ? ಮೀನು ಹೆಚ್ಚಾ, ಅಮ್ಮ ಹೆಚ್ಚಾ?"

"ಅಮ್ಮ" ಎಂದರು. ಅಷ್ಟೇ. ಊಟ ಮುಗಿಸಿ ತಟ್ಟೆ ತೊಳೆದಿಟ್ಟು ಹೋದರು.

ಇಷ್ಟರಲ್ಲಿ ನನ್ನ ತಪ್ಪಿರಲಿಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ವಾದಿಸಲಾಗದ್ದು ಅದರ ಮುಂದಿನ ವಾರ ನಡೆಯಿತು. ನನ್ನ ತಂಗಿ ರೇಣುಕಾ ಬನಶಂಕರಿ ಥರ್ಡ್ ಸ್ಟೇಜಿನಲ್ಲಿದ್ದಾಳೆ, ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ಅತ್ತೆಯನ್ನು ನೋಡಲು ಬಂದವಳು ಹೊರಡುವಾಗ ಗೇಟಿನ ಬಳಿ ಹೇಳಿದಳು: "ಅಕ್ಕ, ಮಂಗಳವಾರ ನಾನು ಬಂದು ಕೂರ್ತೀನಿ ಬಿಡು. ಭಾವಂಗೆ ಇರೋದೇ ಅದೊಂದಿನ. ನನ್ನ ಕೈಹೊಲಿಗೆ ಇಲ್ಲಿಗೇ ತಂದ್ಕೋತೀನಿ, ಏನ್ ಕಷ್ಟ?"

ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಬೇಡ ಕಣೇ. ಇವರೇ ಬೇಡ ಅಂದಿದ್ದಾರೆ. ಅಮ್ಮನ್ನ ನಾನೇ ನೋಡ್ಕೋಬೇಕು ಅಂತಾರೆ. ನೀನು ಕೇಳಿದ್ರೂ ಬೇಜಾರು ಮಾಡ್ಕೋತಾರೆ."

ಇವರಿಗೆ ಆ ವಿಷಯ ಹೇಳಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಟ್ಟದ್ದು ಬಯಸಿ ಅಲ್ಲ. ನಾನು ಸುಸ್ತಾಗಿದ್ದೆ. ನನ್ನ ಹಾಗೆಯೇ ಸುಸ್ತಾದವರು ಮನೆಯಲ್ಲಿ ಇನ್ನೊಬ್ಬರು ಇರಲಿ ಎನ್ನಿಸಿತ್ತು.

ಆ ಮಳೆಗಾಲ ಮಳೆ ಚೆನ್ನಾಗಿ ಹಿಡಿಯಿತು. ಜುಲೈ ಪೂರ್ತಿ ಜಿಟಿಜಿಟಿ. ಅತ್ತೆಯ ಬಟ್ಟೆಗಳು ಒಣಗದೆ ಹಾಲಿನ ತುಂಬ ಹಗ್ಗ ಕಟ್ಟಿದ್ದೆವು. ಮಂಗಳವಾರ ಇವರು ಅತ್ತೆಯ ಮೈ ಒರೆಸುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸುತ್ತಿದ್ದರು, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡಿಸುತ್ತಿದ್ದರು. ನನಗಿಂತ, ಸಾಕಮ್ಮನಿಗಿಂತ ನಾಜೂಕಾಗಿ ಮಾಡುತ್ತಿದ್ದರು. ಕನ್ನಡಕದ ಸಣ್ಣ ಸ್ಕ್ರೂ ತಿರುಗಿಸುವ ಕೈ. ಒಂದು ದಿನವೂ ಗೊಣಗಲಿಲ್ಲ. ಸಂಜೆ ನಾನು ಬಂದಾಗ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು, ಟ್ಯೂಬ್‌ಲೈಟ್ ಕೂಡ ಹಾಕದೆ.

ಆಗಸ್ಟಿನಲ್ಲಿ ಮುನಿರಾಜಣ್ಣ ಎರಡು ಬಸ್ಸು ಹತ್ತಿ ಬಂದರು. ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತರು. "ಚಂದ್ರೂ, ಕೆರೆ ಕೋಡಿ ಬಿದ್ದದೆ ಕಣಪ್ಪ. ಹತ್ತು ವರ್ಷ ಆಗಿತ್ತು. ಒಂದು ಸಲ ಬಂದು ನೋಡಾದ್ರೂ ನೋಡು."

"ಆಗಲ್ಲಣ್ಣ. ಅಮ್ಮ ಹಿಂಗಿದ್ದಾರೆ. ಈ ವರ್ಷ ಬಿಡಿ."

"ನಂಗೂ ಎದೆ ಸರಿಯಿಲ್ಲ ಕಣೋ. ಮುಂದಿನ ವರ್ಷ ಅನ್ನೋದೆಲ್ಲ ನಿಮ್ಮಂತೋರಿಗೆ" ಎಂದು ಅವರು ನಕ್ಕರು. ಇವರೂ ನಕ್ಕರು. ತಮ್ಮ ಬೈಕಿನಲ್ಲೇ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬಂದರು. ನಾನು ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಮಂಗಳವಾರ ಸ್ಕೂಲಿಗೆ ರಜೆ ಇತ್ತು, ನಾನೂ ಮನೆಯಲ್ಲಿದ್ದೆ. ಅತ್ತೆಗೆ ಆ ದಿನ ಬುದ್ಧಿ ತಿಳಿಯಾಗಿತ್ತು. ಮಗನನ್ನು ನೋಡಿ, "ಇವತ್ತು ಮಂಗಳವಾರ ಅಲ್ವೇನೋ? ಹೋಗ್ಲಿಲ್ವಾ ನಿನ್ ಮೀನಿಗೆ?" ಎಂದರು.

"ಇಲ್ಲಮ್ಮ."

"ಹೋಗು. ನಾನೇನು ಎದ್ದು ಓಡಿಹೋಗ್ತೀನಾ? ಗಿರಿಜನೂ ಇದ್ದಾಳಲ್ಲ."

ಇವರು ನನ್ನ ಮುಖ ನೋಡಿದರು. ಬರೀ ನೋಡಿದರು, ಕೇಳಲಿಲ್ಲ. ನಾನು ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗಿ ಬನ್ನಿ" ಎಂಬ ಎರಡು ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ಇವರು ಎದ್ದು ಅತ್ತೆಯ ದಿಂಬು ಸರಿಮಾಡಿದರು.

ಅಕ್ಟೋಬರಿನ ಇನ್ನೊಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಫೀಸಿನಲ್ಲಿದ್ದಾಗ ಇವರ ಫೋನು ಬಂತು.

"ಗಿರಿಜಾ, ಮುನಿರಾಜಣ್ಣ ಹೋಗ್ಬಿಟ್ರಂತೆ. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದೋರು ಹಂಗೇ... ಎರಡು ಗಂಟೆಗೆ ಎತ್ತುತ್ತಾರಂತೆ. ನೀನು ಹೆಂಗಾದ್ರೂ ಬರಕ್ಕಾಗುತ್ತಾ? ನಾನು ಒಂದ್ಸಲ ಮುಖ ನೋಡ್ಕೊಂಡು ಬಂದ್ಬಿಡ್ತೀನಿ."

ಆ ದಿನ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಷನ್ ಬಂದಿತ್ತು. ಫೀಸಿನ ರಿಜಿಸ್ಟರುಗಳೆಲ್ಲ ನನ್ನ ಟೇಬಲ್ಲಿನ ಮೇಲೆ, ಎದುರಿಗೆ ಇಬ್ಬರು ಅಧಿಕಾರಿಗಳು. "ನೋಡ್ತೀನಿ" ಎಂದೆ. "ಎದುರು ಮನೆಯವರಿಗೆ ಹೇಳಿ ನೋಡಿ."

"ಅವರು ಊರಿಗೆ ಹೋಗಿದಾರೆ."

"ನೋಡ್ತೀನಿ ರೀ. ಏನಾದ್ರೂ ಮಾಡ್ತೀನಿ."

ಫೋನು ಇಟ್ಟು ಕಾರಿಡಾರಿಗೆ ಬಂದೆ. ರೇಣುಕಾಳ ನಂಬರು ತೆರೆದೆ. ಒಂದು ಮಾತು ಹೇಳಿದ್ದರೆ ಅವಳು ಹತ್ತು ನಿಮಿಷದಲ್ಲಿ ನಮ್ಮ ಮನೆಯಲ್ಲಿರುತ್ತಿದ್ದಳು. ಆದರೆ ಅವಳು ಬಂದರೆ, ಬಾಗಿಲಲ್ಲೇ ಇವರಿಗೆ ಹೇಳುತ್ತಾಳೆ: ಅವತ್ತೇ ಬರ್ತೀನಿ ಅಂದಿದ್ದೆ ಭಾವ, ನೀವೇ ಬೇಡ ಅಂದ್ರಂತೆ. ಆಗ ನನ್ನ ಸುಳ್ಳು ಬಯಲಾಗುತ್ತದೆ. ಆ ಸಾವಿನ ದಿನ, ಇವರ ಎದುರಿಗೆ. ಫೋನು ಹಿಡಿದುಕೊಂಡೇ ನಿಂತಿದ್ದೆ. ಒಳಗಿಂದ ಹೆಡ್ ಕ್ಲಾರ್ಕ್ "ಗಿರಿಜಾ ಮೇಡಂ, ಎರಡನೇ ಟರ್ಮಿಂದು ಎಲ್ಲಿ?" ಎಂದು ಕರೆದರು. ಫೋನನ್ನು ಬ್ಯಾಗಿಗೆ ಹಾಕಿ ಒಳಗೆ ಹೋದೆ. ಅದೊಂದು ನೆಪ ಸಿಕ್ಕಿತ್ತು, ಹಿಡಿದುಕೊಂಡೆ.

ಅಧಿಕಾರಿಗಳು ಏಳುವಾಗ ಎರಡೂವರೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಹೋಯಿತು. ಮನೆ ಸೇರಿದಾಗ ಮೂರೂವರೆ. ಇವರು ಬಿಳಿ ಶರಟು ಹಾಕಿಕೊಂಡು, ಬೈಕಿನ ಕೀಲಿ ಕೈಯಲ್ಲಿ ಹಿಡಿದು ವರಾಂಡದಲ್ಲಿ ನಿಂತಿದ್ದರು. ಯಾವಾಗಿನಿಂದ ಹಾಗೆ ನಿಂತಿದ್ದರೋ. "ಅಮ್ಮಂಗೆ ಮೂರು ಗಂಟೆಗೆ ಮಾತ್ರೆ ಕೊಟ್ಟಿದೀನಿ" ಎಂದಷ್ಟೇ ಹೇಳಿ ಹೊರಟರು.

ಐದೂವರೆಗೆ ಬಂದರು. ಚಪ್ಪಲಿ, ಪ್ಯಾಂಟಿನ ಅಂಚು ಎಲ್ಲ ಕೆಸರು.

"ಸಿಕ್ಕಿದ್ರಾ?" ಎಂದೆ.

"ಮಣ್ಣಾಗಿತ್ತು" ಎಂದರು. ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ಕೂತರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆ ವಾರವೇ ಬಿ.ಟಿ.ಎಂ. ಲೇಔಟಿನ ಯಾರೋ ಬಂದು ದುಡ್ಡು ಕೊಟ್ಟು ಇವರ ಗಾಳದ ರಾಡು, ರೀಲು, ಡಬ್ಬಿ ಎಲ್ಲ ತೆಗೆದುಕೊಂಡು ಹೋದರು. ನಾನು ಮಾರಿ ಎಂದಿರಲಿಲ್ಲ. ಆಸ್ಪತ್ರೆಯ ಖರ್ಚಿಗಾಗಿ ಎಂದು ಚೈತ್ರಾಗೆ ಹೇಳಿದರಂತೆ. ಬಂದ ದುಡ್ಡು ಆ ಖರ್ಚಿನ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಅತ್ತೆ ನವೆಂಬರಿನ ಕೊನೆಗೆ ಹೋದರು. ಅದೂ ಒಂದು ಮಂಗಳವಾರವೇ ಆಗಿದ್ದರೆ ಕಥೆಯ ಹಾಗಿರುತ್ತಿತ್ತು. ಆಗಿರಲಿಲ್ಲ, ಶುಕ್ರವಾರ. ಸಾಕಮ್ಮ ಗಂಜಿ ಕುಡಿಸುತ್ತಿದ್ದಾಗ ಕತ್ತು ವಾಲಿಸಿದರು. ಕ್ರಿಯೆಗಳೆಲ್ಲ ಮುಗಿದು, ಬಂದವರೆಲ್ಲ ಹೋಗಿ, ಮನೆ ಖಾಲಿಯಾಯಿತು. ಸಂಕ್ರಾಂತಿ ಕಳೆದ ಮೇಲೆ ನಾನೇ ಹೇಳಿದೆ: "ಮಂಗಳವಾರ ಕೆರೆಗೆ ಹೋಗಿ ಬನ್ನಿ. ಹೊಸ ರಾಡು ಕೊಂಡ್ಕೊಳ್ಳಿ, ನಾನು ಕೊಡ್ತೀನಿ."

"ನೋಡೋಣ" ಎಂದರು. ನಾಲ್ಕಾರು ಸಲ ಒತ್ತಾಯಿಸಿದ ಮೇಲೆ ಒಂದು ದಿನ ಹೋದರು, ಯಾರದೋ ಹಳೆಯ ರಾಡು ಇಸಿದುಕೊಂಡು, ಒಬ್ಬರೇ. ನಾನು ಅವತ್ತು ಬೇಕೆಂದೇ ರಜೆ ಹಾಕಿದ್ದೆ. ಒಬ್ಬಟ್ಟು ಮಾಡಿ ಕಾಯೋಣ, ಸಂಜೆ ಕಟ್ಲಾ ಕಥೆ ಕೇಳೋಣ ಎಂದುಕೊಂಡಿದ್ದೆ. ಹನ್ನೊಂದೂವರೆಗೇ ಬೈಕಿನ ಸದ್ದು ಕೇಳಿಸಿತು.

"ಯಾಕ್ರೀ, ಇಷ್ಟು ಬೇಗ?"

"ಕೂರಕ್ಕಾಗ್ಲಿಲ್ಲ ಗಿರಿಜಾ. ನೀರಲ್ಲಿ ತೇಲೋ ಬೆಂಡು ನೋಡ್ತಾ ಇದ್ರೆ, ಅಮ್ಮಂಗೆ ಮಗ್ಗಲು ಬದಲಾಯಿಸೋ ಹೊತ್ತಾಯ್ತೇನೋ ಅನ್ಸುತ್ತೆ. ಪಕ್ಕ ತಿರುಗಿದ್ರೆ ಮುನಿರಾಜಣ್ಣ ಇಲ್ಲ." ಕೈಕಾಲು ತೊಳೆದು ಒಳಗೆ ಬಂದರು. "ಮೀನು ಕಚ್ಚಿತ್ತು. ಎಳೀಬೇಕು ಅನ್ನಿಸ್ಲಿಲ್ಲ."

ಆಮೇಲೆ ಹೋಗಲೇ ಇಲ್ಲ. ಮಂಗಳವಾರವೂ ಅಂಗಡಿ ತೆಗೆಯತೊಡಗಿದರು. ಈಗ ಇವರಿಗೆ ವಾರದ ರಜೆಯೇ ಇಲ್ಲ. ವ್ಯಾಪಾರ ಸ್ವಲ್ಪ ಜಾಸ್ತಿಯಾಗಿದೆ. ರಾತ್ರಿ ಊಟ, ಟಿ.ವಿ., ನಿದ್ದೆ. ನಾನು ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ, ತಾವಾಗಿ ಏನೂ ಕೇಳುವುದಿಲ್ಲ. ಮದುವೆಯಾಗಿ ಮೈಸೂರಿಗೆ ಹೋಗಿರುವ ಚೈತ್ರಾ ಹಬ್ಬಕ್ಕೆ ಬಂದಾಗ ಕೇಳಿದಳು: "ಅಮ್ಮ, ಅಪ್ಪ ಈಗ ನಗೋದು ಕಸ್ಟಮರ್ಸ್ ಹತ್ರ ಮಾತ್ರನಾ?" ಅವಳು ಹಗುರವಾಗಿ ಹೇಳಿದ್ದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಕೆಟ್ಟಿನಲ್ಲಿ ಆ ವಾಸನೆ ಬಡಿದ ದಿನ, ಇನ್ನು ಹೇಳದೆ ಇದ್ದರೆ ನನ್ನೊಳಗೇ ಏನೋ ಕೊಳೆಯುತ್ತದೆ ಎನ್ನಿಸಿತು. ಇವರು ಬಂದು ಊಟ ಮುಗಿಸಿದ ಮೇಲೆ ಟಿ.ವಿ. ಆರಿಸಿದೆ. ಎದುರಿಗೆ ಕೂತೆ. ಎಲ್ಲ ಹೇಳಿದೆ. ರೇಣುಕಾ ಗೇಟಿನಲ್ಲಿ ಏನಂದಳು, ನಾನು ಏನು ಸುಳ್ಳು ಹೇಳಿದೆ, ಮುನಿರಾಜಣ್ಣ ಹೋದ ದಿನ ಕಾರಿಡಾರಿನಲ್ಲಿ ಫೋನು ಹಿಡಿದು ಹೇಗೆ ನಿಂತಿದ್ದೆ, ಎಲ್ಲ. ಬೈಯಲಿ, ಕೂಗಾಡಲಿ, ತಟ್ಟೆ ಎತ್ತಿ ಎಸೆಯಲಿ ಎಂದು ಕಾದೆ. ಇವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಗೊತ್ತಿತ್ತು" ಎಂದರು.

"ಏನು ಗೊತ್ತಿತ್ತು?"

"ರೇಣುಕಾ ಆ ವಾರನೇ ಫ್ರೇಮ್ ರಿಪೇರಿಗೆ ಅಂತ ಅಂಗಡಿಗೆ ಬಂದಿದ್ಲು. ಅವಳೇ ಹೇಳಿದ್ಲು, ನೀವು ಬೇಡ ಅಂದ್ರಂತಲ್ಲ ಭಾವ ಅಂತ. ಹೌದಮ್ಮ, ನಾನೇ ಬೇಡ ಅಂದಿದ್ದು ಅಂತ ಹೇಳ್ದೆ."

"ಮತ್ತೆ ಯಾಕೆ ನನ್ನ ಕೇಳ್ಲಿಲ್ಲ?"

"ನೀನು ಅಷ್ಟು ಮಾಡ್ಬೇಕಾದ್ರೆ ನಿನಗೆ ಎಷ್ಟು ಸಾಕಾಗಿರ್ಬೇಕು ಅನ್ನಿಸ್ತು. ಸ್ವಲ್ಪ ದಿನ ಆದ್ಮೇಲೆ ನೀನೇ ಹೇಳ್ತೀಯ ಅಂದ್ಕೊಂಡೆ."

"ಮುನಿರಾಜಣ್ಣ ಹೋದ ದಿನ? ಅವತ್ತು ನೀವೇ ರೇಣುಗೆ ಒಂದು ಫೋನ್ ಮಾಡಬಹುದಿತ್ತಲ್ರೀ!" ನನ್ನ ಧ್ವನಿ ನನಗೇ ಕಿರುಚಿದ ಹಾಗೆ ಕೇಳಿಸಿತು.

ಇವರು ಕನ್ನಡಕ ಹಾಕಿಕೊಂಡರು. ನನ್ನನ್ನು ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದರು ಎನ್ನಿಸಿತು.

"ಮಾಡಬಹುದಿತ್ತು. ನಂಬರ್ ಇತ್ತು" ಎಂದರು. "ನೀನು ಮಾಡ್ತೀಯ ಅಂತ ಕಾದೆ. ಎರಡು ಗಂಟೆ ತನಕ ಕಾದೆ."

ಆಮೇಲೆ ಎದ್ದು, ಬಾಗಿಲ ಚಿಲಕ ಹಾಕಿ, ಮಲಗಲು ಹೋದರು.